ಮುರ್ನಾವ್ ನಡೆಸಿದ ಕ್ಯಾಮೆರಾ
ಮೂಕಿ ಚಿತ್ರಗಳಲ್ಲಿ ಕಥೆ ಮುಂದೆ ಸಾಗಲು ನಡುನಡುವೆ ಬರಹದ ಫಲಕ ಬರುತ್ತಿತ್ತು. ಜರ್ಮನಿಯ ಎಫ್. ಡಬ್ಲ್ಯೂ. ಮುರ್ನಾವ್ 1924ರ 'ದ ಲಾಸ್ಟ್ ಲಾಫ್'ನಲ್ಲಿ ಅದನ್ನೂ ಹೆಚ್ಚುಕಡಿಮೆ ಕೈಬಿಟ್ಟರು. ಮೊದಲ ದೃಶ್ಯವನ್ನೇ ನೋಡಿ: ಕ್ಯಾಮೆರಾ ಲಿಫ್ಟಿನಲ್ಲಿ ಇಳಿದು, ಹೋಟೆಲಿನ ಹಜಾರ ದಾಟಿ, ತಿರುಗುಬಾಗಿಲಿನತ್ತ ತೇಲಿಹೋಗುತ್ತದೆ. ಅದಕ್ಕಾಗಿ ಬಳಸಿದ್ದು ಸೈಕಲ್! ಕುಡಿದವನ ಕಣ್ಣಿಗೆ ಲೋಕ ತೂಗಾಡುವುದನ್ನು ಹಿಡಿಯಲು ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ ಕ್ಯಾಮೆರಾವನ್ನು ಎದೆಗೆ ಕಟ್ಟಿಕೊಂಡು ತೂರಾಡಿದರು. ದ್ವಾರಪಾಲಕನ ಪಾತ್ರದ ಎಮಿಲ್ ಯಾನಿಂಗ್ಸ್ ಆ ಕೆಲಸ ಕಳೆದುಕೊಂಡು ಮೈಮೇಲಿನ ಗುಂಡಿಗಳ ಕೋಟು ಕಳಚಿದೊಡನೆ ಆ ಬೆನ್ನೇ ಕುಸಿಯುತ್ತದೆ. ಅಂಥ ಅವಮಾನಕ್ಕೆ ಮಾತೇಕೆ ಬೇಕು?

ಮುರ್ನಾವ್ ಅವರದೇ 'ನೊಸ್ಫೆರಾಟು' ಚಿತ್ರದಲ್ಲಿ ಮೆಟ್ಟಿಲೇರುವ ನೆರಳು ಎಲ್ಲರಿಗೂ ಗೊತ್ತು. ನನಗೆ ಮಾತ್ರ 1927ರ 'ಸನ್‌ರೈಸ್' ಇನ್ನೂ ಪ್ರಿಯ. ಬೆಳದಿಂಗಳ ಜೌಗಿನಲ್ಲಿ, ಮೇಲಿನ ಹಳಿಗೆ ತೂಗುಹಾಕಿದ ಕ್ಯಾಮೆರಾ ನಾಯಕನ ಬೆನ್ನುಹತ್ತಿ ಪೊದೆಗಳ ನಡುವೆ ನುಸುಳುತ್ತದೆ. ಅದಕ್ಕೂ ಮುನ್ನ ಜರ್ಮನಿಯ ಬಾಬೆಲ್ಸ್‌ಬರ್ಗ್ ಸ್ಟುಡಿಯೋದಲ್ಲಿ ಮುರ್ನಾವ್ ಕೆಲಸವನ್ನು ಹತ್ತಿರದಿಂದ ಕಂಡ ತರುಣ ಹಿಚ್‌ಕಾಕ್, ಚಿತ್ರಗಳಲ್ಲೇ ಕಥೆ ಹೇಳುವುದನ್ನು ಅಲ್ಲಿಂದ ಕಲಿತರು.