ಕಾರಿನ ಚಂಡೆ, ಹೆಡ್‌ಫೋನಿನಲ್ಲಿ

ಕಾರಿನ ಆಡಿಯೋವನ್ನು ಹೆಡ್‌ಫೋನಿನಲ್ಲಿ ಅಳೆಯುವ ಉಪಾಯ ಸೊಗಸಾದದ್ದು: ಚಾಲಕನ ಸೀಟಿನಲ್ಲಿ ಮನುಷ್ಯನ ತಲೆಯ ಅಚ್ಚು ಕೂರಿಸಿ, ಅದರ ಎರಡೂ ಕಿವಿಯೊಳಗಿನ ಮೈಕಿನಿಂದ ಧ್ವನಿ ಮುದ್ರಿಸಿಕೊಳ್ಳುವುದು. ಆಮೇಲೆ ಹಲವು ಕಾರುಗಳನ್ನು ಒಂದೇ ಕುರ್ಚಿಯಲ್ಲಿ ಕೂತು ಬೆನ್ನುಬೆನ್ನಿಗೆ ಹೋಲಿಸಬಹುದು. ಹೀಗೆ ಹೋಲಿಸಲೇಬೇಕು, ಏಕೆಂದರೆ ಕಿವಿಯ ನೆನಪು ಅಲ್ಪಾಯು.

ಪರೀಕ್ಷೆಗೆ ಬಡಗುತಿಟ್ಟಿನ ಯಕ್ಷಗಾನದ ಹಿಮ್ಮೇಳಕ್ಕಿಂತ ಕಠಿಣವಾದದ್ದು ಬೇಕಿಲ್ಲ. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೊನ್ನಾವರ ಸೀಮೆಯವರಿಗೆ ಅದರ ನಿಜದನಿ ಗೊತ್ತು. ಚಂಡೆಯ ಪೆಟ್ಟು ಚುರುಕಾಗಿ ಎದ್ದು ತಟ್ಟನೆ ನಿಲ್ಲಬೇಕು. ಬಾಗಿಲಿನ ತಗಡು ಅದುರಿದರೆ ಅದಕ್ಕೊಂದು ಬಾಲ ಬೆಳೆಯುತ್ತದೆ. ಭಟ್ಕಳದಿಂದ ಕುಮಟೆಗೆ ಹೆದ್ದಾರಿ 66ರಲ್ಲಿ ಓಡುವಾಗ ಟೈರಿನ ಮೊರೆತ ಮೊದಲು ನುಂಗುವುದು ಮದ್ದಳೆಯ ಮಂದ್ರವನ್ನು. ಹಾಗಾಗಿ ನಿಂತ ಕಾರಿನ ಮುದ್ರಣವೊಂದನ್ನೇ ನಂಬಬಾರದು.

ಹೆಡ್‌ಫೋನಿಗೆ ಸಿಗದ್ದೂ ಇದೆ: ಸೀಟಿನ ಮೂಲಕ ಬೆನ್ನಿಗೆ ತಾಗುವ ಬಾಸ್. ಅಚ್ಚಿನ ಕಿವಿಗೂ ಕೇಳುಗನ ಕಿವಿಗೂ ಹೊಂದದಿದ್ದರೆ ಎದುರಿರಬೇಕಾದ ಭಾಗವತರು ತಲೆಯೊಳಗೇ ಹಾಡಿದಂತಾಗುತ್ತದೆ.