ನಿಯಮದ ಬಲವೂ ಮಿತಿಯೂ: ಕಿರಣ್ ಅಹುಜಾ ಅವರ ಸಿಬ್ಬಂದಿ ಆಡಳಿತ

ಅಮೆರಿಕದ ಒಕ್ಕೂಟ ಸರ್ಕಾರದ ಲಕ್ಷಾಂತರ ನಾಗರಿಕ ನೌಕರರ ನೇಮಕಾತಿ, ವೇತನ ಮತ್ತು ಸೇವಾಭದ್ರತೆಯ ನಿಯಮಗಳನ್ನು ರೂಪಿಸುವುದು ಸಿಬ್ಬಂದಿ ನಿರ್ವಹಣಾ ಕಚೇರಿ. 1978ರ ನಾಗರಿಕ ಸೇವಾ ಸುಧಾರಣಾ ಕಾಯ್ದೆಯಿಂದ ಹುಟ್ಟಿದ ಈ ಕಚೇರಿಯನ್ನು 2021ರಿಂದ 2024ರವರೆಗೆ ಮುನ್ನಡೆಸಿದ ಭಾರತೀಯ ಮೂಲದ ಕಿರಣ್ ಅಹುಜಾ, ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದಲ್ಲಿ ವಕೀಲರಾಗಿ ವೃತ್ತಿ ಆರಂಭಿಸಿದವರು. ಸೆನೆಟ್‌ನಲ್ಲಿ ಮತಗಳು ಸಮವಾಗಿ, ಉಪಾಧ್ಯಕ್ಷೆ ಕಮಲಾ ಹ್ಯಾರಿಸ್ ಅವರ ನಿರ್ಣಾಯಕ ಮತದಿಂದಷ್ಟೇ ಅವರ ನೇಮಕ ಊರ್ಜಿತವಾಯಿತು.

ಅವರ ಆಡಳಿತದಲ್ಲಿ ವ್ಯವಸ್ಥಾಪಕರಿಗಿಂತ ವಕೀಲರೇ ಹೆಚ್ಚು ಎದ್ದು ಕಾಣುತ್ತಾರೆ. ಹೊಸ ನೌಕರರ ಸಂಬಳವನ್ನು ಅವರ ಹಿಂದಿನ ಸಂಬಳದ ಆಧಾರದ ಮೇಲೆ ನಿಗದಿಪಡಿಸಬಾರದೆಂಬ 2024ರ ಜನವರಿಯ ನಿಯಮ, ಮಹಿಳೆಯರು ಹಿಂದೆ ಅನುಭವಿಸಿದ ವೇತನ ತಾರತಮ್ಯ ಸರ್ಕಾರಿ ಸೇವೆಯಲ್ಲೂ ಮುಂದುವರಿಯದಂತೆ ತಡೆಯುವ ಚೊಕ್ಕ ಕ್ರಮ. ನೇಮಕಾತಿಯ ವಿಳಂಬದ ವಿಷಯದಲ್ಲಿ ಮಾತ್ರ ಹೇಳಿಕೊಳ್ಳುವಂಥ ಸಾಧನೆಯಿಲ್ಲ.

ಅವರ ಕಾಲದ ಮುಖ್ಯ ಕೆಲಸವೆಂದರೆ 2024ರ ಏಪ್ರಿಲ್‌ನ ಸೇವಾಭದ್ರತಾ ನಿಯಮ. ನೀತಿ ನಿರೂಪಣೆಗೆ ಸಂಬಂಧಿಸಿದ ಹುದ್ದೆಗಳಲ್ಲಿರುವ ಖಾಯಂ ನೌಕರರನ್ನು ಸುಲಭವಾಗಿ ವಜಾಗೊಳಿಸಬಹುದಾದ ಪ್ರತ್ಯೇಕ ವರ್ಗಕ್ಕೆ, ಅಂದರೆ ‘ಶೆಡ್ಯೂಲ್ ಎಫ್’ಗೆ, ಸೇರಿಸುವ ಆದೇಶವನ್ನು ಟ್ರಂಪ್ 2020ರ ಅಕ್ಟೋಬರ್‌ನಲ್ಲಿ ಹೊರಡಿಸಿದ್ದರು, ಬೈಡನ್ ಅದನ್ನು ರದ್ದುಮಾಡಿದರೂ ಮರುಕಳಿಸುವ ಭೀತಿ ಉಳಿದಿತ್ತು. ನೌಕರನ ಇಚ್ಛೆಗೆ ವಿರುದ್ಧವಾಗಿ ಹುದ್ದೆಯ ವರ್ಗ ಬದಲಾದರೂ ಆತ ಗಳಿಸಿದ ಭದ್ರತೆ ಅಳಿಯುವುದಿಲ್ಲವೆಂದು ಹೊಸ ನಿಯಮ ಹೇಳಿತು. ಕರಡು ಪ್ರಕಟಣೆ, ಸಾರ್ವಜನಿಕ ಆಕ್ಷೇಪಣೆ, ಅವುಗಳಿಗೆ ಸಮಾಧಾನ ಎಂಬ ಹಂತಗಳನ್ನು ದಾಟಿ ಬಂದ ಈ ನಿಯಮವನ್ನು ತೆಗೆದುಹಾಕಲೂ ಅದೇ ಹಾದಿ ಹಿಡಿಯಬೇಕಾಗುತ್ತದೆ ಎಂಬುದೇ ಇದರ ಹಿಂದಿನ ಲೆಕ್ಕಾಚಾರ.

ತರ್ಕ ಬಿಗಿಯಾಗಿಯೇ ಇತ್ತು, ಆದರೆ ಕಟ್ಟಡಕ್ಕೆ ತಕ್ಕ ಅಡಿಪಾಯವಿರಲಿಲ್ಲ. ಭಾರತದಲ್ಲಿ ವಿಚಾರಣೆಯಿಲ್ಲದೆ ನೌಕರನನ್ನು ವಜಾಗೊಳಿಸದಂತೆ ಸಂವಿಧಾನದ 311ನೇ ವಿಧಿಯೇ, ಕೆಲವು ಅಪವಾದಗಳೊಡನೆ, ತಡೆಯುತ್ತದೆ. ಅಮೆರಿಕದ ಸಂವಿಧಾನದಲ್ಲಿ ಅಂಥ ವಿಧಿಯಿಲ್ಲ, ಶೆಡ್ಯೂಲ್ ಎಫ್ ತಡೆಯುವ ಪ್ರತ್ಯೇಕ ಕಾಯ್ದೆಯನ್ನು ಕಾಂಗ್ರೆಸ್ ಅಂಗೀಕರಿಸಲೂ ಇಲ್ಲ. ಇದಕ್ಕೆ ಅಹುಜಾ ಅವರನ್ನು ಹೊಣೆ ಮಾಡುವುದು ನ್ಯಾಯವಲ್ಲ, ಏಕೆಂದರೆ ಕಾನೂನು ರಚನೆ ಅವರ ಕೈಯಲ್ಲಿರಲಿಲ್ಲ. ಆದರೂ ಕಾರ್ಯವಿಧಾನವನ್ನು ಎಲ್ಲ ಸರ್ಕಾರಗಳೂ ಗೌರವಿಸುತ್ತವೆಂಬ ವಕೀಲಸಹಜ ನಂಬಿಕೆ ಆ ನಿಯಮದ ಬುಡದಲ್ಲಿತ್ತು. ಅವರು 2024ರ ಮೇ ತಿಂಗಳಲ್ಲಿ ಹುದ್ದೆ ತೊರೆದರು. 2025ರ ಜನವರಿ 20ರಂದು ಹೊರಟ ಅಧ್ಯಕ್ಷೀಯ ಆದೇಶ ಹಳೆಯ ವರ್ಗೀಕರಣವನ್ನು ಮರಳಿ ತಂದಿತಲ್ಲದೆ, ನಿಯಮವನ್ನು ವಿಧಿವತ್ತಾಗಿ ರದ್ದುಮಾಡುವ ಮೊದಲೇ ಅದರ ಮುಖ್ಯ ಭಾಗಗಳು ನಿಷ್ಕ್ರಿಯವೆಂದು ಘೋಷಿಸಿತು.