ಪವಾಡಸದೃಶ ಪಾರು: ಒಂದು ಶಿರೋನಾಮೆಯ ವಿಮರ್ಶೆ

ಕವಿತೆಯನ್ನೋ ಕಾದಂಬರಿಯನ್ನೋ ನಾಟಕವನ್ನೋ ವಿಮರ್ಶೆಗೆ ಎತ್ತಿಕೊಳ್ಳುವುದು ಇಂಥ ಪುಟಗಳ ರೂಢಿ. ಈ ಸಲ ನಾವು ಎತ್ತಿಕೊಂಡಿರುವುದು ಎರಡೇ ಪದಗಳ ಒಂದು ಕೃತಿಯನ್ನು. ಅದರ ಕರ್ತೃ ಯಾರೆಂದು ಹೇಳಲು ಬಾರದು. ಆದರೆ ಅದನ್ನು ಓದದ ಕನ್ನಡಿಗನಿಲ್ಲ. ಸಣ್ಣ ವಿಮಾನವೊಂದು ಆಕಾಶದಲ್ಲಿ ಕೆಟ್ಟು ಹೊಲಕ್ಕೆ ಬಿದ್ದು, ಒಳಗಿದ್ದವರು ಬದುಕಿ ಹೊರಬಂದರೆಂದರೆ ಸಾಕು, ಮರುದಿನದ ಪತ್ರಿಕೆಯಲ್ಲಿ ‘ಪವಾಡಸದೃಶ ಪಾರು’ ಎಂಬ ಎರಡು ಪದಗಳು ತಪ್ಪದೆ ಹಾಜರಾಗುತ್ತವೆ. ಹಿಂದೆ ಮುದ್ರಣಾಲಯಗಳಲ್ಲಿ ಅಚ್ಚುಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ ಈ ಎರಡು ಪದಗಳನ್ನು ಬಿಚ್ಚದೆ ಹಾಗೆಯೇ ಕಟ್ಟಿಟ್ಟುಕೊಂಡಿದ್ದರೋ ಏನೋ ಎಂಬ ಅನುಮಾನ ನಮಗೆ ಬರುವುದುಂಟು.

ಪದಗಳು ಕೆಟ್ಟವಲ್ಲ. ಓದಿದ ಕೂಡಲೇ ಮನಸ್ಸು ಹಗುರವಾಗುತ್ತದೆ. ನಮ್ಮ ತಕರಾರು ಬೇರೆ. ಆ ಶಿರೋನಾಮೆ ಓದುಗನ ಬಾಯಲ್ಲಿದ್ದ ಎರಡು ಪ್ರಶ್ನೆಗಳನ್ನು ಅಲ್ಲಿಯೇ ನಿಲ್ಲಿಸಿಬಿಡುತ್ತದೆ. ಅವರು ಹೇಗೆ ಬದುಕಿದರು? ಎಂಜಿನ್ ಏಕೆ ಕೆಟ್ಟಿತು? ದೇವರ ಕೆಲಸವೆಂದ ಮೇಲೆ ಎರಡನ್ನೂ ಕೇಳುವಂತಿಲ್ಲ.

2023ರ ಎರಡು ಪ್ರಸಂಗಗಳನ್ನು ನೋಡೋಣ. ಮೇ 30ರಂದು ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಹೊರಟ ತರಬೇತಿ ವಿಮಾನವೊಂದು ತಾಂತ್ರಿಕ ದೋಷಕ್ಕೆ ಸಿಕ್ಕಿ ಹೊನ್ನಿಹಾಳದ ಹತ್ತಿರ ಹೊಲಕ್ಕೆ ಇಳಿಯಿತು. ಒಳಗಿದ್ದ ಇಬ್ಬರಿಗೂ ಸಣ್ಣಪುಟ್ಟ ಗಾಯ. ಎರಡು ದಿನ ಕಳೆದು, ಜೂನ್ 1ರಂದು, ಚಾಮರಾಜನಗರ ಜಿಲ್ಲೆಯ ಭೋಗಾಪುರದ ಬಳಿ ವಾಯುಪಡೆಯ ಕಿರಣ್ ತರಬೇತಿ ಜೆಟ್ ಬಿದ್ದು ಚೂರಾಯಿತು. ಅದರ ಇಬ್ಬರು ಚಾಲಕರೂ ಆಸನಸಮೇತ ಹೊರಕ್ಕೆ ಚಿಮ್ಮಿ, ಪ್ಯಾರಾಶೂಟಿನಲ್ಲಿ ಇಳಿದರು. ಎರಡೂ ಸುದ್ದಿಗಳನ್ನು ಒಂದೇ ಪದದಲ್ಲಿ ಸುತ್ತಿಕೊಡುವುದು ಸುಲಭ. ಆದರೆ ಈ ಎರಡು ಬದುಕುಗಳು ಉಳಿದ ಬಗೆ ಒಂದೇ ಅಲ್ಲ.

ಭೋಗಾಪುರದಲ್ಲಿ ಉಳಿಸಿದ್ದು ಆಸನ. ಅದನ್ನು ಯಾರೋ ಲೆಕ್ಕ ಹಾಕಿ ರೂಪಿಸಿದ್ದರು. ಅದರೊಳಗಿನ ಸಿಡಿಮದ್ದನ್ನು ಯಾರೋ ತಾರೀಖು ನೋಡಿ ಬದಲಾಯಿಸಿದ್ದರು. ಪ್ಯಾರಾಶೂಟನ್ನು ಯಾರೋ ಮಡಿಕೆ ತಪ್ಪದಂತೆ ಮಡಿಸಿಟ್ಟಿದ್ದರು. ಇಷ್ಟು ಜನರ ಕೈ ಸರಿಯಾಗಿ ಕೆಲಸ ಮಾಡಿದ್ದರಿಂದ ಇಬ್ಬರು ತಾಯಂದಿರ ಮಕ್ಕಳು ಮನೆಗೆ ಹೋದರು. ಸಣ್ಣ ತರಬೇತಿ ವಿಮಾನದಲ್ಲಿ ಇಂಥ ಆಸನ ಇರುವುದಿಲ್ಲ. ಅಲ್ಲಿ ಇರುವುದು ಎತ್ತರ, ಗಾಳಿ, ಮತ್ತು ಕಲಿತ ಪಾಠ.

ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆಂಬುದು ನಮ್ಮಲ್ಲಿ ಅನೇಕರ ನಂಬಿಕೆ. ಹಾಗಿಲ್ಲ, ಅದು ಜಾರುತ್ತದೆ. ಶಾಲೆಗಳಲ್ಲಿ ಬಳಸುವ ಸೆಸ್ನಾ 172ರಂಥ ವಿಮಾನ ಒಂದು ಅಡಿ ಕೆಳಗಿಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದೆ ಹೋಗುತ್ತದೆ. ಗೋರೆಗಾಂವ್ ಸ್ಟೇಷನ್ನಿನ ಮೇಲೆ ಸಾವಿರ ಅಡಿ ಎತ್ತರದಲ್ಲಿ ಎಂಜಿನ್ ನಿಂತಿತೆಂದು ಊಹಿಸಿಕೊಳ್ಳಿ. ಹೆದ್ದಾರಿ ದಾಟಿ ಆರೆ ಕಾಲೊನಿಯ ಮರಗಳ ತನಕ ಹೋಗಬಹುದು. ಅಲ್ಲಿಂದಾಚೆಗೆ ಹೆಚ್ಚು ದೂರವಿಲ್ಲ. ಸಮಯವಂತೂ ಒಂದೂವರೆ ನಿಮಿಷವೂ ಸಿಗದು. ಲೋಕಲ್ ರೈಲು ಒಂದು ಸ್ಟೇಷನ್ನಿನಿಂದ ಇನ್ನೊಂದಕ್ಕೆ ಹೋಗುವುದಕ್ಕಿಂತ ಕಡಿಮೆ ಸಮಯ!

ಆ ಒಂದೂವರೆ ನಿಮಿಷದಲ್ಲಿ ಚಾಲಕ ಮಾಡಬೇಕಾದ ಕೆಲಸವನ್ನು ಕೇಳಿದರೆ ಮೈ ಜುಮ್ಮೆನ್ನುತ್ತದೆ. ಮೂತಿ ಮೇಲೆತ್ತಬೇಕೆಂಬ ಆಸೆಯನ್ನು ತಡೆದು, ಕೆಳಗೆ ಮಾಡಿ, ವೇಗವನ್ನು ಗಂಟೆಗೆ ಸುಮಾರು 120 ಕಿಲೊಮೀಟರಿನಲ್ಲಿ ಹಿಡಿಯಬೇಕು. ಹೊರಟ ನಿಲ್ದಾಣಕ್ಕೆ ಹಿಂದಿರುಗುವ ಆಸೆಯನ್ನೂ ಬಿಡಬೇಕು. ಕಡಿಮೆ ಎತ್ತರದಲ್ಲಿ ಹಿಂದಕ್ಕೆ ತಿರುಗಲು ಹೋಗಿ ಸತ್ತವರು ಬಹಳ. ಗಾಳಿಗೆ ಎದುರಾದ ಹೊಲವನ್ನು ಆರಿಸಬೇಕು, ಅದೂ ಉತ್ತ ಹೊಲವಾದರೆ ನೇಗಿಲ ಸಾಲಿನ ಉದ್ದಕ್ಕೇ ಇಳಿಯಬೇಕು. ನಡುವೆ ಎಂಜಿನನ್ನು ಮತ್ತೆ ಎಬ್ಬಿಸಲು ನೋಡಬೇಕು. ಆಗದಿದ್ದರೆ ನೆಲ ಮುಟ್ಟುವ ಮೊದಲು ಇಂಧನ, ವಿದ್ಯುತ್ತು ಎರಡನ್ನೂ ನಿಲ್ಲಿಸಬೇಕು, ಏಕೆಂದರೆ ಬಿದ್ದ ಪೆಟ್ಟಿನಿಂದ ಬದುಕಿದವರನ್ನು ಬೆಂಕಿ ಕೊಲ್ಲುತ್ತದೆ. ಬಾಗಿಲ ಅಗುಳಿ ತೆಗೆದಿಡಬೇಕು, ಚೌಕಟ್ಟು ಸೊಟ್ಟಗಾದರೆ ಬಾಗಿಲು ತೆರೆಯದು. ಇಷ್ಟನ್ನು ಇಪ್ಪತ್ತರ ಆಸುಪಾಸಿನ ಹುಡುಗನೋ ಹುಡುಗಿಯೋ ಕಲಿತು ಮಾಡಬೇಕಾಗಿದೆ. ಅದಕ್ಕೆ ‘ಪವಾಡ’ ಎಂದು ಹೆಸರಿಡುವುದು, ಮಗಳು ರಾತ್ರಿ ಹಗಲು ಓದಿ ಮೊದಲ ದರ್ಜೆಯಲ್ಲಿ ಪಾಸಾದರೆ ಜಾತಕ ಚೆನ್ನಾಗಿದೆ ಎಂದ ಹಾಗೆ.

ನಮ್ಮ ಗೋರೆಗಾಂವ್ ಈ ಮಾತಿಗೆ ಹೊರತಲ್ಲ. 2016ರ ದಶಂಬರ 11ರ ಭಾನುವಾರ, ಜುಹೂದಿಂದ ವಿಹಾರಕ್ಕೆ ಹೊರಟ ರಾಬಿನ್ಸನ್ ಆರ್-44 ಹೆಲಿಕಾಪ್ಟರೊಂದು ಆರೆ ಕಾಲೊನಿಯಲ್ಲಿ ಬಿತ್ತು. ನಾಲ್ಕೇ ಆಸನಗಳ, ಒಂದೇ ಎಂಜಿನ್ನಿನ ಯಂತ್ರ ಅದು. ಪೈಲಟ್ ಉಳಿಯಲಿಲ್ಲ, ಗಾಯಗೊಂಡು ಆಸ್ಪತ್ರೆ ಸೇರಿದವರಿದ್ದರು. ಹೆಲಿಕಾಪ್ಟರಿಗೂ ಎಂಜಿನ್ ನಿಂತಾಗ ಇಳಿಯುವ ಉಪಾಯವುಂಟು: ತೇರಿನ ಪೇಟೆಯಲ್ಲಿ ಕೊಂಡ ಗಿರಗಿಟ್ಟಲೆ ಮಗು ಓಡಿದಂತೆ ಗಾಳಿಗೆ ತಿರುಗುತ್ತದಲ್ಲ, ಹಾಗೆಯೇ ಕೆಳಗಿನಿಂದ ನುಗ್ಗುವ ಗಾಳಿಗೆ ಅದರ ರೆಕ್ಕೆ ತಿರುಗುತ್ತಲೇ ಇರುತ್ತದೆ. ಆದರೆ ಚಾಲಕ ಒಂದೆರಡು ಸೆಕೆಂಡಿನಲ್ಲಿ ಕೈ ಮಾಡಬೇಕು, ಕೆಳಗೆ ಬಯಲೂ ಇರಬೇಕು. ಆರೆಯ ಅಪಘಾತದ ಮಾತು ಹೊರಟಾಗ ನಮ್ಮವರು ‘ಪುಣ್ಯ, ವಸತಿಯ ಮೇಲೆ ಬೀಳಲಿಲ್ಲ’ ಎನ್ನುತ್ತಾರೆ. ಆರೆಯೊಳಗೂ ಆದಿವಾಸಿಗಳ ಪಾಡಾಗಳಿವೆ, ಜನರಿದ್ದಾರೆ ಎಂಬುದು ಆ ‘ಪುಣ್ಯ’ದ ಲೆಕ್ಕಕ್ಕೆ ಬರುವುದಿಲ್ಲ.

ಇನ್ನು ಎಂಜಿನ್ ಏಕೆ ಕೆಟ್ಟಿತೆಂಬ ಎರಡನೆಯ ಪ್ರಶ್ನೆ. ಇದನ್ನು ಕೇಳದಿದ್ದರೆ ಏನಾಗುತ್ತದೆಂಬುದಕ್ಕೆ ಎಚ್‌ಎಎಲ್‌ನ ದೀಪಕ್, ಅಂದರೆ ಎಚ್‌ಪಿಟಿ-32, ಸಾಕ್ಷಿ. ವಾಯುಪಡೆಯ ಹೊಸಬರು ಮೊದಲ ಪಾಠ ಕಲಿಯುತ್ತಿದ್ದುದು ಈ ಒಂಟಿ ಎಂಜಿನ್ ವಿಮಾನದಲ್ಲಿ. ಆಕಾಶದಲ್ಲಿ ಅದರ ಎಂಜಿನ್ ನಿಲ್ಲುವುದು ಹೊಸದಾಗಿರಲಿಲ್ಲ. 2009ರ ಜುಲೈ ಕೊನೆಯಲ್ಲಿ ಆಗಿನ ಆಂಧ್ರದ ಮೇದಕ್ ಬಳಿ ಇಬ್ಬರು ಶಿಕ್ಷಕರು ಸತ್ತ ಮೇಲೆ ದೀಪಕ್‌ಗಳನ್ನೆಲ್ಲ ನೆಲಕ್ಕಿಳಿಸಿದರು. ಅಷ್ಟರಲ್ಲಿ 17 ಅಪಘಾತಗಳಾಗಿ 19 ಚಾಲಕರು ಮಡಿದಿದ್ದರೆಂಬ ಲೆಕ್ಕ ಆಗ ಪ್ರಕಟವಾಯಿತು. ಅದರ ಜಾಗಕ್ಕೆ ಸ್ವಿಟ್ಜರ್ಲೆಂಡಿನ ಪಿಲಾಟಸ್ ಬಂದದ್ದು 2013ರಲ್ಲಿ. ಎಂಜಿನ್ ನಿಂತರೂ ಯಾರಾದರೂ ಬದುಕಿಬಂದಾಗಲೆಲ್ಲ ಕೈಮುಗಿದು ಸುಮ್ಮನಾಗುವುದರ ಬದಲು, ಯಂತ್ರದ ಕಡೆ ಬೆರಳು ತೋರಿಸಿ ಕೇಳುವ ಓದುಗರು ಬೇಕಿತ್ತು. ಬದುಕಿದವನ ಅಪಘಾತವೇ ಹೆಚ್ಚು ಬೆಲೆಬಾಳುವಂಥದು. ಏನಾಯಿತೆಂದು ಅವನು ಹೇಳಬಲ್ಲ, ಸತ್ತವನು ಹೇಳಲಾರ. 2012ರಿಂದ ನಮ್ಮಲ್ಲಿ ವಿಮಾನಾಪಘಾತ ತನಿಖೆಗೆಂದೇ ಒಂದು ಬ್ಯೂರೋ ಇದೆ, ಅದರ ವರದಿಗಳನ್ನು ಯಾರೂ ಓದಬಹುದು. ಬಿದ್ದ ದಿನ ಮೊದಲ ಪುಟದಲ್ಲಿ ಚಿತ್ರ ಹಾಕುವ ಪತ್ರಿಕೆ ಒಂದೆರಡು ವರ್ಷ ಕಳೆದು ಬರುವ ಆ ವರದಿಗೆ ಒಳಪುಟದಲ್ಲಿ ನಾಲ್ಕು ಸಾಲು ಕೊಟ್ಟರೂ ನಾವು ಕೃತಜ್ಞರು.

ಕರಾವಳಿಯಿಂದ ಬಂದ ನಮ್ಮ ಕುಟುಂಬಗಳಿಗೆ ಇನ್ನೊಂದು ಮಾತನ್ನು ಹೇಳಿ ನೋಯಿಸಬೇಕಾಗಿದೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಮಂಗಳೂರಿನ ಗುಡ್ಡದಿಂದ ಉರುಳಿದಾಗ 158 ಜನ ಹೋದರು, ಎಂಟು ಜನ ಉಳಿದರು. ಅದು ಸಣ್ಣ ವಿಮಾನವಲ್ಲ, ಎಂಜಿನ್ ಕೆಟ್ಟದ್ದೂ ಅಲ್ಲ. ಆದರೂ ಎಂಟು ಮಂದಿಯನ್ನು ದೇವರು ಉಳಿಸಿದನೆಂದು ಅಚ್ಚು ಮಾಡುವಾಗ, ಅದೇ ಪತ್ರಿಕೆಯನ್ನು ಮನೆಗೆ ತರಿಸುವ, ಆ 158 ಜನರ ಕುಟುಂಬಗಳಿಗೆ ಏನು ಹೇಳಿದಂತಾಯಿತು? ಅವರೇನು ಹರಕೆ ಹೊರಲಿಲ್ಲವೆ?

ಈ ದೌರ್ಬಲ್ಯ ಕನ್ನಡಕ್ಕೆ ಮಾತ್ರ ಅಂಟಿದ್ದೆಂದು ನಾವು ಹೇಳುವುದಿಲ್ಲ. 2009ರಲ್ಲಿ ಎರಡೂ ಎಂಜಿನ್ ನಿಂತ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸಲೆನ್‌ಬರ್ಗರ್ ಸಾಹಸವನ್ನೂ ಅಮೆರಿಕನ್ನರು ‘ಹಡ್ಸನ್ ಪವಾಡ’ವೆಂದೇ ಕರೆದರು. 2016ರಲ್ಲಿ ಬಂದ ‘ಸಲ್ಲಿ’ ಚಿತ್ರ ನದಿಗಿಳಿಯುವ ಆ ಮೂರೂವರೆ ನಿಮಿಷವನ್ನು ಪ್ರಾಮಾಣಿಕವಾಗಿ ತೋರಿಸಿತು. ಆದರೆ ಕಥೆಗೊಬ್ಬ ಖಳ ಬೇಕಲ್ಲ. ತನಿಖೆಯವರನ್ನೇ ಖಳರನ್ನಾಗಿ ಮಾಡಿತು. ಎಂಜಿನ್ ಏಕೆ ನಿಂತಿತೆಂದು ಕೇಳುವವನು ವೀರನ ಶತ್ರು ಎಂಬ ಭಾವನೆ ಪ್ರೇಕ್ಷಕನಲ್ಲಿ ಉಳಿಯುತ್ತದೆ. ನಮ್ಮ ಎಣಿಕೆಯಲ್ಲಿ ಅದು ಪವಾಡಕ್ಕಿಂತಲೂ ಕೆಟ್ಟ ಹೇಳಿಕೆ.

ಬದುಕಿದವರೇ ಬರೆದಾಗಲೂ ಸತ್ಯ ಸುಲಭವಾಗಿ ಬರುವುದಿಲ್ಲ. ಮಕ್ಕಳ ಕಥೆಗಳಿಂದ ಹೆಸರಾದ ರೊಆಲ್ಡ್ ಡಾಲ್ 1940ರ ಸಪ್ಟಂಬರದಲ್ಲಿ ಗ್ಲಾಡಿಯೇಟರ್ ಎಂಬ ಯುದ್ಧವಿಮಾನದೊಡನೆ ಉತ್ತರ ಆಫ್ರಿಕದ ಮರಳುಗಾಡಿಗೆ ಬಿದ್ದ. ತಲೆಬುರುಡೆ ಬಿರಿಯಿತು, ಕೆಲವು ವಾರ ಕಣ್ಣು ಕಾಣಲಿಲ್ಲ. 1942ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಬಂದ ಅವನ ಲೇಖನದ ತಲೆಬರಹ, ಶತ್ರುಗಳು ಹೊಡೆದುರುಳಿಸಿದರೆಂದು ಸಾರುತ್ತಿತ್ತು. ನಡೆದದ್ದೇ ಬೇರೆ. ಅವನಿಗೆ ಹೇಳಿದ ಜಾಗದಲ್ಲಿ ನಿಲ್ದಾಣವೇ ಇರಲಿಲ್ಲ. ಕತ್ತಲಾಗುತ್ತಿತ್ತು, ಇಂಧನ ಮುಗಿಯುತ್ತಿತ್ತು, ಇಳಿಯುವಾಗ ಚಕ್ರ ಬಂಡೆಗೆ ಬಡಿಯಿತು. ಇದನ್ನು ಅವನು 1986ರ ಆತ್ಮಕಥೆಯಲ್ಲಿ ಬಿಡಿಸಿ ಹೇಳಿದ. ಶತ್ರುವಿಲ್ಲದ ಆ ವಿವರಣೆಯೇ ಹೆಚ್ಚು ಭಯಂಕರವಾಗಿದೆ. ಯಾವನೋ ಅಧಿಕಾರಿ ನಕ್ಷೆಯಲ್ಲಿ ತಪ್ಪು ಕಡೆ ತೋರಿಸಿದ್ದಕ್ಕೆ ಒಬ್ಬ ಹುಡುಗ ಸಾಯಬಹುದಿತ್ತೆಂಬುದು ಅಲ್ಲಿ ಕಾಣುತ್ತದೆ.

ಫ್ರಾನ್ಸಿನ ಸಾಂತ್-ಎಕ್ಸುಪೆರಿಯದು ಇದಕ್ಕೆ ತಿರುಗುಮುರುಗು. 1935ರ ದಶಂಬರ 30ರಂದು ಅವನೂ ಮೆಕ್ಯಾನಿಕ್ ಪ್ರೆವೊನೂ ಸಹಾರಾದ ಮರಳಿಗೆ ಬಡಿದು ಬಿದ್ದರು. ಎಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಕತ್ತಲೆಯಲ್ಲಿ ದಾರಿ ತಿಳಿಯದೆ, ಎತ್ತರ ತಿಳಿಯದೆ, ಪೂರ್ಣ ವೇಗದಲ್ಲೇ ನೆಲಕ್ಕೆ ಬಡಿದರು. 1939ರ ತನ್ನ ಪುಸ್ತಕದಲ್ಲಿ ಅವನು ಇದನ್ನು ಮುಚ್ಚಲಿಲ್ಲ. ಮುಂದೆ 1943ರಲ್ಲಿ ಪ್ರಕಟವಾದ ‘ಪುಟ್ಟ ರಾಜಕುಮಾರ’ನ ಕಥೆಯಲ್ಲಿ ಮಾತ್ರ ಮರಳುಗಾಡಿನ ಚಾಲಕನ ಎಂಜಿನ್ನಿನಲ್ಲಿ ಏನೋ ಮುರಿದಿದೆ ಎಂದು ಮಾಡಿದ. ಅದು ಕಥೆ, ಅಲ್ಲಿ ಸಲ್ಲುತ್ತದೆ. ನಿಜದ ಪುಸ್ತಕದಲ್ಲಿ ನಮಗೆ ಹಿಡಿಸುವುದು ಬೀಳುವ ಭಾಗಕ್ಕಿಂತ ಅನಂತರದ ಭಾಗ: ಒಂದಿಷ್ಟು ಹಣ್ಣು, ಸ್ವಲ್ಪ ಪಾನೀಯ, ಕಣ್ಣಿಗೆ ಕಟ್ಟುವ ಮಾಯಾಸರೋವರಗಳು, ಕೊನೆಗೆ ನೀರು ಕೊಟ್ಟು ಬದುಕಿಸಿದ ಒಬ್ಬ ಬೆದುಇನ್. ಸಾಂತ್-ಎಕ್ಸುಪೆರಿ ಅವನನ್ನು ದೇವದೂತನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದಿಲ್ಲ. ಮನುಷ್ಯನನ್ನಾಗಿಯೇ ನೆನೆದು ಮಾತನಾಡಿಸುತ್ತಾನೆ.

ಹೊನ್ನಿಹಾಳದ ಸುದ್ದಿಯಲ್ಲಿ ನಮಗೆ ಬೇಕಾದದ್ದೂ ಅಂಥದ್ದೇ. ಅದು ಯಾರ ಹೊಲ, ಬಿತ್ತನೆಗೆ ಸಿದ್ಧವಾಗಿತ್ತೋ ಇಲ್ಲವೋ, ಮೊದಲು ಓಡಿಬಂದವರು ಯಾರು, ನೀರು ಕೊಟ್ಟವರು ಯಾರು, ಆ ರೈತನಿಗೆ ಆದ ನಷ್ಟವನ್ನು ಯಾರಾದರೂ ಕೇಳಿದರೋ. ಬೆಳಗಾವಿ ಕಡೆಯ ನಮ್ಮ ಸದಸ್ಯರು ಊರಿಗೆ ಹೋದಾಗ ವಿಚಾರಿಸಿಕೊಂಡು ಬಂದು ಬರೆದರೆ, ಶಿರೋನಾಮೆಯನ್ನು ಅವರೇ ಕೊಡಲಿ.